ಮೊದಲು ಗಮನಿಸುವವರು: ಕೋಟ, ಸಕಲವಾರ, ದೋಹಾ

ಕತಾರಿನ ಚರಿತ್ರೆಯನ್ನು ಮುತ್ತು, ಎಣ್ಣೆ, ಅನಿಲ ಎಂಬ ಮೂರು ಅಧ್ಯಾಯಗಳಲ್ಲಿ ಹೇಳಿ ಮುಗಿಸುವ ರೂಢಿಯಿದೆ. 1930ರ ದಶಕದಲ್ಲಿ ಜಪಾನಿನ ಕೃಷಿಮುತ್ತು ಮಾರುಕಟ್ಟೆಗೆ ನುಗ್ಗಿ ಕೊಲ್ಲಿಯ ಮುಳುಗುಗಾರರ ಬದುಕು ನೆಲಕಚ್ಚಿತು. ಅದೇ ದಶಕದ ಕೊನೆಯಲ್ಲಿ ದುಖಾನಿನಲ್ಲಿ ಎಣ್ಣೆ ಸಿಕ್ಕಿ, 1949ರಲ್ಲಿ ರಫ್ತು ಶುರುವಾಯಿತು. ಆ ಕಾಲದಲ್ಲಿ ಅಲ್ಲಿ ಚಲಾವಣೆಯಲ್ಲಿದ್ದದ್ದು ನಮ್ಮ ರಿಸರ್ವ್ ಬ್ಯಾಂಕ್ ಹೊರಡಿಸಿದ ರೂಪಾಯಿ, 1966ರವರೆಗೂ. ಹಣದ ಹಿಂದೆ ಜನ ಹೋದರು. ಮಂಗಳೂರು, ಉಡುಪಿ, ಭಟ್ಕಳ, ಕಾಸರಗೋಡಿನ ಕಡೆಯಿಂದ ಹೊರಟವರು ಇಂದು ಅಲ್ಲಿ ಕರ್ನಾಟಕ ಸಂಘ, ತುಳು ಕೂಟಗಳನ್ನು ಕಟ್ಟಿಕೊಳ್ಳುವಷ್ಟು ಸಂಖ್ಯೆಯಲ್ಲಿದ್ದಾರೆ. ದೇಶದ ಸುಮಾರು 30 ಲಕ್ಷ ನಿವಾಸಿಗಳಲ್ಲಿ ಕತಾರಿ ಪೌರರು ಹೆಚ್ಚೆಂದರೆ ಎಂಟರಲ್ಲಿ ಒಬ್ಬರು. ಭಾರತೀಯರೇ ಏಳೆಂಟು ಲಕ್ಷ. ಇಷ್ಟು ಜನರಿರುವಲ್ಲಿ ಸ್ಕಿಜೋಫ್ರೇನಿಯಾ, ಬೈಪೋಲಾರ್‌ನಂಥ ತೀವ್ರ ಮಾನಸಿಕ ಕಾಯಿಲೆ ಕೆಲವರಿಗಾದರೂ ಬಂದೇ ಬರುತ್ತದೆ. ಬಂದಾಗ ಅದನ್ನು ಮೊದಲು ಗಮನಿಸುವವರು ಯಾರು? ಸಮುದಾಯವನ್ನು ಜೊತೆಗಿಟ್ಟುಕೊಂಡು ನಡೆದ ಮನೋವೈದ್ಯಕೀಯ ಸಂಶೋಧನೆಯ ಐವತ್ತು ವರ್ಷಗಳ ಚರಿತ್ರೆಯನ್ನು ಈ ಒಂದು ಪ್ರಶ್ನೆಯ ಸುತ್ತ ಓದಬಹುದು ಎಂಬುದು ನನ್ನ ವಾದ. ಆ ಚರಿತ್ರೆಯ ದೊಡ್ಡ ಪಾಲು ನಡೆದದ್ದು ಕನ್ನಡ ನೆಲದಲ್ಲಿ. ಅಲ್ಲಿ ಕಲಿತ ಪಾಠ ಕತಾರಿನ ಕನ್ನಡಿಗನಿಗೆ ಮಾತ್ರ ಇನ್ನೂ ತಲುಪಿಲ್ಲ.

ಕತಾರಿಗೆ ತನ್ನದೇ ಹಳೆಯ ದಾರಿಗಳಿದ್ದವು. ಮನಸ್ಸು ಕೆಟ್ಟವನನ್ನು ಬಂಧುಬಳಗ ಮನೆಯೊಳಗೇ ಇಟ್ಟುಕೊಳ್ಳುತ್ತಿತ್ತು. ಕುರಾನ್ ಪಠಣದ ಮೂಲಕ ಗುಣಪಡಿಸುವವರ ಬಳಿಗೆ ಕರೆದೊಯ್ಯುತ್ತಿತ್ತು. ಪೂರ್ವ ಆಫ್ರಿಕಾದಿಂದ ಗುಲಾಮರಾಗಿ ಬಂದು ಮುತ್ತಿನ ದೋಣಿಗಳಲ್ಲಿ ದುಡಿದವರು ಕೊಲ್ಲಿಗೆ ತಂದ ಜಾರ್ ಎಂಬ ಆಚರಣೆಯಲ್ಲಿ ತಮಟೆಯ ಸದ್ದಿಗೆ ಮೈಮೇಲೆ ಬಂದ ಆತ್ಮವನ್ನು ಮಾತನಾಡಿಸಿ ಸಮಾಧಾನಪಡಿಸುತ್ತಿದ್ದರು. ನಮ್ಮ ಕರಾವಳಿಯಲ್ಲಿ ದೈವ ಮೈಮೇಲೆ ಬರುವ ಪಾತ್ರಿಯ ದರ್ಶನ ಬಲ್ಲವರಿಗೆ ಇದು ಅಪರಿಚಿತ ಲೋಕವೇನಲ್ಲ. 1957ರಲ್ಲಿ ರುಮೈಲಾ ಆಸ್ಪತ್ರೆ, 1979ರಲ್ಲಿ ಹಮದ್ ವೈದ್ಯಕೀಯ ನಿಗಮ, 1982ರಲ್ಲಿ ಹಮದ್ ಜನರಲ್ ಆಸ್ಪತ್ರೆ ಬಂದ ಮೇಲೆ ಆಧುನಿಕ ವೈದ್ಯಕೀಯ ನೆಲೆಯೂರಿತು. ಆದರೆ ಮನೋವೈದ್ಯಕೀಯ ಬಹುಕಾಲ ಆಸ್ಪತ್ರೆಯ ಗೋಡೆಯೊಳಗೇ ಉಳಿಯಿತು. ಅದನ್ನು ಹೊರಗೆ ತರುವ ಸಂಕಲ್ಪ ಸ್ಪಷ್ಟವಾಗಿ ಕಂಡದ್ದು 2013ರ ಡಿಸೆಂಬರಿನಲ್ಲಿ ಪ್ರಕಟವಾದ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯನೀತಿಯಲ್ಲಿ. ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೂ ಬಡಾವಣೆಗಳಿಗೂ ಸೇವೆ ಇಳಿಯಬೇಕು, ಕಳಂಕ ಕಳೆಯಬೇಕು ಎಂದು ಅದು ಹೇಳಿತು. 2016ರ 16ನೇ ಕಾನೂನು ರೋಗಿಯ ಹಕ್ಕುಗಳನ್ನೂ ಒತ್ತಾಯದ ದಾಖಲಾತಿಯ ನಿಯಮಗಳನ್ನೂ ಬರೆದಿಟ್ಟಿತು. ಕೋವಿಡ್ ಕಾಲದಲ್ಲಿ, 2020ರಲ್ಲಿ, 16000 ಎಂಬ ಸಹಾಯವಾಣಿ ಶುರುವಾಯಿತು. ಏಳು ವರ್ಷಗಳಲ್ಲಿ ಇಷ್ಟು ದೂರ ನಡೆದ ದೇಶವನ್ನು ಮೆಚ್ಚಲೇಬೇಕು.

ಸಂಶೋಧನೆಯೂ ಬೆಳೆಯಿತು. ಮಾನಸಿಕ ಕಾಯಿಲೆಯ ಬಗ್ಗೆ ಜನರ ತಿಳಿವಳಿಕೆ, ನಂಬಿಕೆಗಳನ್ನು ಅಳೆಯುವ ಸಮೀಕ್ಷೆಗಳನ್ನು ಸುಹೈಲಾ ಗುಲೂಮ್, ಅಬ್ದುಲ್‌ಬಾರಿ ಬೆನೆರ್ ಮೊದಲಾದ ಸಂಶೋಧಕರು 2010ರ ಸುಮಾರಿಗೆ ನಡೆಸಿದರು. ಕತಾರ್ ವಿಶ್ವವಿದ್ಯಾಲಯದ ಸಾಮಾಜಿಕ–ಆರ್ಥಿಕ ಸಮೀಕ್ಷಾ ಸಂಸ್ಥೆ ಕೈಗೊಂಡು 2024ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಅಧ್ಯಯನ ಇವುಗಳಲ್ಲಿ ಅತ್ಯಂತ ದೊಡ್ಡದು. ಐದು ಸಾವಿರಕ್ಕೂ ಹೆಚ್ಚು ಮಂದಿಯನ್ನು ಸಂದರ್ಶಿಸಿದ ಅದು, ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು ಜನ ಬದುಕಿನಲ್ಲಿ ಎಂದಾದರೊಮ್ಮೆ ಯಾವುದಾದರೂ ಮಾನಸಿಕ ತೊಂದರೆ ಅನುಭವಿಸಿದ್ದಾರೆ ಎಂದು ತೋರಿಸಿತು. ಅರಬ್ ಜಗತ್ತಿಗೆ ಇದು ಅಪರೂಪದ ಕಾಣಿಕೆ. ಆದರೆ ಮಾತಿಗೆ ಸಿಕ್ಕವರೆಲ್ಲ ಅರಬರು: ಪೌರರು ಮತ್ತು ಅರಬ್ ವಲಸಿಗರು. ವಲಸೆ ಕಾರ್ಮಿಕರ ಖಿನ್ನತೆಯನ್ನು ಅದೇ ಸಂಸ್ಥೆ ಬೇರೊಂದು ಅಧ್ಯಯನದಲ್ಲಿ ಮುಟ್ಟಿದೆ, ನಿಜ. ಆದರೆ ಖಿನ್ನತೆಯ ಪ್ರಶ್ನಾವಳಿಗೆ ಉತ್ತರಿಸಬಲ್ಲವನ ಪರಿಸ್ಥಿತಿ ಒಂದು, ಬೇರೆ ಯಾರಿಗೂ ಕೇಳದ ದನಿಗಳಿಗೆ ರಾತ್ರಿಯಿಡೀ ಉತ್ತರಿಸುತ್ತ ಕೂತವನ ಪರಿಸ್ಥಿತಿ ಇನ್ನೊಂದು. ಎರಡನೆಯವನು ಸಮೀಕ್ಷೆಯ ಫೋನಿಗೆ ಸಿಗುವುದಿಲ್ಲ. ಅವನನ್ನು ಕಾಣಬಲ್ಲವರು ಅವನ ಪಕ್ಕದಲ್ಲಿರುವವರು ಮಾತ್ರ.

ಈ ಸತ್ಯವನ್ನು ವಿಧಾನವಾಗಿ ರೂಪಿಸಿದ ಮೊದಲ ಊರುಗಳಲ್ಲಿ ಒಂದು ನಮ್ಮ ಕರಾವಳಿಯ ಕೋಟ. ಶಿವರಾಮ ಕಾರಂತರು ಹುಟ್ಟಿದ ಅದೇ ಕೋಟ. 1970ರ ದಶಕದ ಆರಂಭದಲ್ಲಿ ಎಡಿನ್‌ಬರೋದ ಮಾರಿಸ್ ಕಾರ್‌ಸ್ಟೇರ್ಸ್ ಮತ್ತು ಮನೋವೈದ್ಯ ಆರ್. ಎಲ್. ಕಪೂರ್ ಅಲ್ಲಿ ಬ್ರಾಹ್ಮಣ, ಬಂಟ, ಮೊಗವೀರ ಮನೆಗಳಲ್ಲಿ ಅಧ್ಯಯನ ಮಾಡಿದರು. ಅದು ತಾಯಿಯ ಕಡೆಯಿಂದ ಆಸ್ತಿ ಹರಿಯುವ ಅಳಿಯಸಂತಾನ ಕರಗಿ ಮಕ್ಕಳಿಗೆ ಆಸ್ತಿ ಹೋಗುವ ಪದ್ಧತಿ ಬರುತ್ತಿದ್ದ ಕಾಲ. ಆ ಬದಲಾವಣೆ ಮನಸ್ಸಿನ ಮೇಲೆ ಏನು ಮಾಡುತ್ತದೆ ಎಂಬ ಕುತೂಹಲ ಅವರದು. 1976ರಲ್ಲಿ ಅದು ಪುಸ್ತಕವಾಯಿತು. ಕಾಯಿಲೆಯ ಲಕ್ಷಣಗಳನ್ನು ಎಣಿಸಿ ಸುಮ್ಮನಾಗದೆ, ಆ ಮನುಷ್ಯ ಮನೆಯಲ್ಲಿ, ಊರಲ್ಲಿ, ಕೆಲಸದಲ್ಲಿ ತನ್ನ ಪಾಲಿನದನ್ನು ನಿಭಾಯಿಸುತ್ತಿದ್ದಾನೆಯೇ ಎಂದೂ ಅವರು ಕೇಳಿದರು. ಮನೋವೈದ್ಯಕೀಯ ನೆರವಿನ ಅಗತ್ಯ ಯಾರಿಗಿದೆ ಎಂಬುದನ್ನು ಎರಡನ್ನೂ ಸೇರಿಸಿ ನಿರ್ಧರಿಸಬೇಕೆಂದರು. ಕಪೂರ್ 1975ರಲ್ಲಿ ಬರೆದ ಲೇಖನ ನನ್ನ ದೃಷ್ಟಿಯಲ್ಲಿ ಆ ಪುಸ್ತಕಕ್ಕಿಂತಲೂ ಮುಖ್ಯ. ಸಂಕಟ ಬಂದಾಗ ಕೋಟದ ಜನ ಯಾರ ಬಳಿ ಹೋಗುತ್ತಾರೆ ಎಂದು ಅದು ವಿಚಾರಿಸಿತು. ವೈದ್ಯರು, ಮಂತ್ರವಾದಿಗಳು, ಪಾತ್ರಿಗಳು, ಇಂಗ್ಲಿಷ್ ಔಷಧಿ ಕೊಡುವ ಡಾಕ್ಟರು, ಎಲ್ಲರ ಬಳಿಗೂ ಹೋಗುತ್ತಾರೆ. ಒಬ್ಬರನ್ನು ಬಿಟ್ಟು ಇನ್ನೊಬ್ಬರಲ್ಲ, ಒಟ್ಟೊಟ್ಟಿಗೆ. ಹಾಗಾದರೆ ಹೊಸದಾಗಿ ಬರುವ ಮನೋವೈದ್ಯ ಖಾಲಿ ಜಾಗಕ್ಕೆ ಬರುತ್ತಿಲ್ಲ, ಜನ ಈಗಾಗಲೇ ಕಟ್ಟಿಕೊಂಡಿರುವ ವ್ಯವಸ್ಥೆಯೊಳಗೆ ಬರುತ್ತಿದ್ದಾನೆ. ಅದನ್ನು ಅರಿತು ಹೆಜ್ಜೆಯಿಡಬೇಕು ಎಂಬುದು ಕಪೂರರ ನಿಲುವು. ಕತಾರಿನ ರಾಜಧಾನಿ ದೋಹಾದ ಮಟ್ಟಿಗೆ ಇಂಥ ಒಂದು ನಕ್ಷೆ ಇಂದಿಗೂ ನಮ್ಮ ಕೈಯಲ್ಲಿಲ್ಲ.

ಕೋಟದಿಂದ ಕಪೂರ್ ಬೆಂಗಳೂರಿಗೆ ಬಂದಾಗ ಅಲ್ಲಿನ ಮಾನಸಿಕ ಆಸ್ಪತ್ರೆಗೆ ನೂರಕ್ಕೂ ಹೆಚ್ಚು ವರ್ಷಗಳ ಚರಿತ್ರೆಯಿತ್ತು. ಹತ್ತೊಂಬತ್ತನೇ ಶತಮಾನದ ಹುಚ್ಚಾಸ್ಪತ್ರೆ 1925ರಲ್ಲಿ ಮೈಸೂರು ಸರ್ಕಾರದ ಮಾನಸಿಕ ಆಸ್ಪತ್ರೆಯೆಂಬ ಹೆಸರು ಪಡೆದು, ಅದರ ಮುಖ್ಯಸ್ಥ ಎಂ. ವಿ. ಗೋವಿಂದಸ್ವಾಮಿಯವರ ಕಾಲದಲ್ಲಿ, 1954ರಲ್ಲಿ, ಅಖಿಲ ಭಾರತ ಸಂಸ್ಥೆಯೊಂದಕ್ಕೆ ತಾಣವಾಗಿ, 1974ರಲ್ಲಿ ನಿಮ್ಹಾನ್ಸ್ ಆಗಿತ್ತು. 1975ರಲ್ಲಿ ಅಲ್ಲಿ ಸಮುದಾಯ ಮನೋವೈದ್ಯಕೀಯ ಘಟಕ ತೆರೆಯಿತು. ಆನೇಕಲ್ ತಾಲ್ಲೂಕಿನ ಸಕಲವಾರ ಅದರ ಪ್ರಯೋಗಭೂಮಿಯಾಯಿತು. ಮನೋವೈದ್ಯರು ಬೆರಳೆಣಿಕೆಯಷ್ಟಿದ್ದ ದೇಶದಲ್ಲಿ ಹಳ್ಳಿಯ ರೋಗಿಯನ್ನು ನೋಡಿಕೊಳ್ಳಬೇಕಾದರೆ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯನಿಗೂ ಮನೆಮನೆಗೆ ಹೋಗುವ ಆರೋಗ್ಯ ಸಹಾಯಕರಿಗೂ ತರಬೇತಿ ಕೊಡಬೇಕಿತ್ತು. ಕಪೂರ್, ಆರ್. ಶ್ರೀನಿವಾಸ ಮೂರ್ತಿ, ಮೋಹನ್ ಐಸಾಕ್, ಸಿ. ಆರ್. ಚಂದ್ರಶೇಖರ್, ಆರ್. ಪಾರ್ಥಸಾರಥಿ ಮುಂತಾದವರು ಈ ತರಬೇತಿಯನ್ನು ರೂಪಿಸಿ, ಅದರ ಫಲವನ್ನು ಅಳೆದು ಬರೆದರು. ಹೊಂದಿಕೆಯಿಲ್ಲದೆ ಮಾತಾಡುವವರು, ಯಾರೊಂದಿಗೂ ಸೇರದೆ ಮೂಲೆ ಹಿಡಿದವರು, ಯಾರೋ ತನ್ನನ್ನು ಕೊಲ್ಲಲು ಸಂಚು ಹೂಡಿದ್ದಾರೆ ಎನ್ನುವವರು, ಇಂಥವರು ನಿಮ್ಮ ಊರಲ್ಲಿದ್ದಾರೆಯೇ ಎಂದು ಸರಳವಾಗಿ ಕೇಳಿದರೆ ಹಳ್ಳಿಯ ಜನ ಮನೆಯ ಗುರುತು ಹೇಳಬಲ್ಲರು ಎಂಬುದು ಅಲ್ಲಿ ಖಚಿತವಾಯಿತು. ಚಂದ್ರಶೇಖರ್ ಮುಂದೆ ಇದೇ ತಿಳಿವಳಿಕೆಯನ್ನು ನೂರಾರು ಕನ್ನಡ ಪುಸ್ತಕ, ಅಂಕಣಗಳಲ್ಲಿ ಓದುಗರ ಮನೆಗೆ ಮುಟ್ಟಿಸಿದರು.

ಸಕಲವಾರದ ಪಾಠವನ್ನು ಇಡೀ ಜಿಲ್ಲೆಗೆ ಹಿಗ್ಗಿಸಿ ನೋಡಿದ್ದು ಬಳ್ಳಾರಿಯಲ್ಲಿ, 1985ರಿಂದ 1990ರವರೆಗೆ. ಕಾಗದದಲ್ಲಿದ್ದ 1982ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ನೆಲದ ಮೇಲೆ ಇಳಿಸಬಹುದೆಂದು ಬಳ್ಳಾರಿ ತೋರಿಸಿದ್ದರಿಂದಲೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶದಾದ್ಯಂತ ಹರಡಲು ಶುರುವಾಯಿತು. 2005ರಲ್ಲಿ ನಿಮ್ಹಾನ್ಸಿನ ಜಗದೀಶ ತೀರ್ಥಳ್ಳಿ, ಬಿ. ಎನ್. ಗಂಗಾಧರ್ ಮತ್ತು ಸಂಗಡಿಗರು ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿಯಲ್ಲಿ ಹೊಸ ಹೆಜ್ಜೆಯಿಟ್ಟರು. ಆಸ್ಪತ್ರೆಗೆ ಬಂದವರನ್ನು ಎಣಿಸದೆ, ಇಡೀ ತಾಲ್ಲೂಕಿನಲ್ಲಿ ಸ್ಕಿಜೋಫ್ರೇನಿಯಾ ಇರುವವರನ್ನು ಆರೋಗ್ಯ ಕಾರ್ಯಕರ್ತರ ಮೂಲಕ ಹುಡುಕಿ, ಚಿಕಿತ್ಸೆ ಕೊಟ್ಟು, ವರ್ಷಗಟ್ಟಲೆ ಅವರ ಬೆನ್ನಿಗೆ ನಿಂತರು. ಮುಂದೆ ತುಮಕೂರು ಜಿಲ್ಲೆಯ ತುರುವೇಕೆರೆಯಲ್ಲೂ ಅದೇ ಕೆಲಸ ನಡೆಯಿತು. ಚಿಕಿತ್ಸೆ ಕಾಣದೆ ಉಳಿದವರಿಗಿಂತ ಚಿಕಿತ್ಸೆಯಲ್ಲಿರುವವರು ದಿನದ ಬದುಕನ್ನು ಎಷ್ಟೋ ಚೆನ್ನಾಗಿ ನಿಭಾಯಿಸುತ್ತಾರೆ ಎಂದೂ, ಗದ್ದೆ, ತೋಟ, ಕೂಲಿ, ಅಡುಗೆಮನೆಗಳಲ್ಲಿ ಅನೇಕರು ಕೆಲಸ ಮಾಡುತ್ತಲೇ ಇದ್ದಾರೆ ಎಂದೂ ಅವರ ವರದಿಗಳು ಹೇಳಿದವು. ಎರಡನೆಯ ಮಾತು ಮೊದಲನೆಯದರಷ್ಟೇ ತೂಕದ್ದು. ಈ ಕಾಯಿಲೆ ಬಂತೆಂದರೆ ದುಡಿಮೆ ಮುಗಿಯಿತು ಎಂಬ ನಂಬಿಕೆಯ ಬುಡವನ್ನೇ ಅದು ಅಲ್ಲಾಡಿಸುತ್ತದೆ. ಗಲ್ಫಿನಲ್ಲಿ ಆ ನಂಬಿಕೆ ನಿಯಮಪುಸ್ತಕದೊಳಗೇ ಸೇರಿಕೊಂಡಿದೆ.

ಇಲ್ಲಿ ಒಂದು ಗಟ್ಟಿ ಆಕ್ಷೇಪ ಎದುರಾಗುತ್ತದೆ. ಈ ಚರಿತ್ರೆಯನ್ನು ಗೆಲುವಿನ ಕಥೆಯಾಗಿ ಹೇಳುವುದು ಸರಿಯೇ? ಸಂಶೋಧಕರಾದ ಸುಮೀತ್ ಜೈನ್ ಮತ್ತು ಸುಶ್ರುತ್ ಜಾಧವ್ ಉತ್ತರ ಪ್ರದೇಶದ ಹಳ್ಳಿಗಾಡಿನಲ್ಲಿ ಜಿಲ್ಲಾ ಕಾರ್ಯಕ್ರಮವನ್ನು ಹತ್ತಿರದಿಂದ ನೋಡಿ 2009ರಲ್ಲಿ ಬರೆದ ಪ್ರಬಂಧದ ಪ್ರಕಾರ, ಸಮುದಾಯದ ಹೆಸರಿನಲ್ಲಿ ಹೊರಟ ನೀತಿ ಕೊನೆಗೆ ಮಾತ್ರೆ ಹಂಚುವ ಕೆಲಸವಾಗಿ ಕುಗ್ಗಿತ್ತು. ಜನರ ಮಾತು ಕೇಳುವವರೇ ಇರಲಿಲ್ಲ. 2015–16ರ ಭಾರತದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ನಡೆಯುವ ಹೊತ್ತಿಗೂ ಸೈಕೋಸಿಸ್, ಅಂದರೆ ವಾಸ್ತವದ ಅರಿವು ತಪ್ಪುವ ತೀವ್ರ ಕಾಯಿಲೆ, ಇದ್ದ ನಾಲ್ವರಲ್ಲಿ ಸುಮಾರು ಮೂವರು ಚಿಕಿತ್ಸೆಯ ಹೊರಗಿದ್ದರು. ಇನ್ನು ಸಮುದಾಯವೇ ಕ್ರೂರವಾಗಬಲ್ಲದು ಎಂಬುದಕ್ಕೆ ಏರ್ವಾಡಿಗಿಂತ ಬೇರೆ ಸಾಕ್ಷಿ ಬೇಡ. 2001ರ ಆಗಸ್ಟ್ 6ರಂದು ತಮಿಳುನಾಡಿನ ಆ ಊರಿನಲ್ಲಿ ಸರಪಳಿಯಲ್ಲಿ ಬಿಗಿದಿದ್ದ 28 ಮಂದಿ ಮಾನಸಿಕ ರೋಗಿಗಳು ಬೆಂಕಿಗೆ ಬಲಿಯಾದರು. ಅವರನ್ನು ಅಲ್ಲಿಗೆ ತಂದು ಬಿಟ್ಟದ್ದು ಅವರವರ ಮನೆಯವರೇ. ಈ ಆಕ್ಷೇಪವನ್ನು ಪೂರ್ತಿ ಒಪ್ಪುತ್ತೇನೆ, ಆದರೆ ಅದರಿಂದ ಹೊರಡುವ ತೀರ್ಮಾನ ಬೇರೆ. ಎಲ್ಲಿ ಊರಿನವರನ್ನು ಮಾಹಿತಿ ಕೊಡುವವರಾಗಿ, ಜೊತೆಗಾರರಾಗಿ ಕಂಡರೋ ಅಲ್ಲಿ ಕೆಲಸ ನೆಲೆಯೂರಿತು. ಎಲ್ಲಿ ಅವರನ್ನು ಮಾತ್ರೆ ಪಡೆಯುವ ಸಾಲಾಗಿ ಕಂಡರೋ ಅಲ್ಲಿ ಸೊರಗಿತು. ಗೋವಾ, ಸತಾರಾ, ತಮಿಳುನಾಡುಗಳಲ್ಲಿ ಸ್ಕಿಜೋಫ್ರೇನಿಯಾ ಇರುವ 282 ಜನರೊಂದಿಗೆ ನಡೆದು 2014ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಸ್ಥಳೀಯ ಸಾಮಾನ್ಯ ಜನರನ್ನೇ ತರಬೇತುಗೊಳಿಸಿ ಮನೆಗೆ ಕಳಿಸಿದಾಗ ಆಸ್ಪತ್ರೆಯ ಚಿಕಿತ್ಸೆಯೊಂದೇ ಕೊಟ್ಟದ್ದಕ್ಕಿಂತ ಸ್ವಲ್ಪ ಹೆಚ್ಚಿನ ಸುಧಾರಣೆ ಕಂಡಿತು. ಪವಾಡವಲ್ಲ, ಸ್ವಲ್ಪವೇ. ಆದರೆ ತೀವ್ರ ಕಾಯಿಲೆಯಲ್ಲಿ ಆ ಸ್ವಲ್ಪದ ಬೆಲೆ ಮನೆಯವರಿಗೆ ಗೊತ್ತು.

ಈ ಎಲ್ಲ ಪ್ರಯೋಗಗಳ ಹಿಂದೆ ಒಂದು ಅಡಿಪಾಯವಿತ್ತು: ಮನೆ. ತೀರ್ಥಹಳ್ಳಿಯ ರೋಗಿಗೆ ಬೇಸರಪಟ್ಟುಕೊಂಡಾದರೂ ಅನ್ನ ಹಾಕುವ ತಾಯಿಯೋ ಅಣ್ಣನೋ ಇದ್ದರು. ಕತಾರಿನ ಕಾರ್ಮಿಕನಿಗೆ ಅದೇ ಇಲ್ಲ. ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳುವಷ್ಟು ಸಂಬಳ ಬಹುಪಾಲು ಜನರಿಗಿಲ್ಲ. 2021ರಲ್ಲಿ ಜಾರಿಗೆ ಬಂದ ಕನಿಷ್ಠ ವೇತನ, ವಸತಿ ಮತ್ತು ಊಟದ ಭತ್ಯೆ ಬಿಟ್ಟು, ತಿಂಗಳಿಗೆ 1,000 ರಿಯಾಲ್. ಅವನ ಲೋಕವೆಂದರೆ ಕ್ಯಾಂಪಿನ ರೂಮು, ಮೆಸ್ಸು, ಕೆಲಸಕ್ಕೊಯ್ಯುವ ಬಸ್ಸು, ಫೋರ್‌ಮನ್, ರಜೆಯ ಶುಕ್ರವಾರ. ನಿದ್ದೆ ಬಿಟ್ಟದ್ದನ್ನು, ಊಟದಲ್ಲಿ ವಿಷ ಬೆರೆಸಿದ್ದಾರೆಂದು ತಟ್ಟೆ ತಳ್ಳಿದ್ದನ್ನು ಮೊದಲು ಕಾಣುವವನು ರೂಮ್‌ಮೇಟ್. ಅವನು ನೇಪಾಳಿಯೋ ಬಿಹಾರಿಯೋ ಆಗಿದ್ದರೆ ಕನ್ನಡದಲ್ಲೋ ತುಳುವಿನಲ್ಲೋ ಬ್ಯಾರಿಯಲ್ಲೋ ಗೊಣಗಿದ್ದು ಅವನಿಗೆ ತಿಳಿಯುವುದೂ ಇಲ್ಲ. ವಲಸೆಗೂ ಈ ಕಾಯಿಲೆಗೂ ನಂಟಿದೆಯೆಂದು 1932ರಲ್ಲೇ ನಾರ್ವೆಯ ಮನೋವೈದ್ಯ ಓಡೆಗಾರ್ಡ್ ಗುರುತಿಸಿದ್ದ. ಅಮೆರಿಕದ ಮಿನೆಸೊಟಾಕ್ಕೆ ಹೋದ ನಾರ್ವೆಯವರಲ್ಲಿ ಸ್ಕಿಜೋಫ್ರೇನಿಯಾ ತವರಿನವರಿಗಿಂತ ಹೆಚ್ಚು ಕಂಡಿತ್ತು. ದಕ್ಷಿಣ ಲಂಡನ್ನಿನ ಅಧ್ಯಯನವೊಂದು 2001ರಲ್ಲಿ ಇನ್ನೂ ಸೂಕ್ಷ್ಮವಾದುದನ್ನು ತೋರಿಸಿತು: ತಮ್ಮವರು ವಿರಳವಾಗಿರುವ ಬಡಾವಣೆಗಳಲ್ಲಿ ವಾಸಿಸುವ ಅಲ್ಪಸಂಖ್ಯಾತರಲ್ಲಿ ಈ ಕಾಯಿಲೆ ಹೆಚ್ಚು. ಲಂಡನ್ನಿನ ಫಲಿತಾಂಶವನ್ನು ಹಾಗೆಯೇ ದೋಹಾಕ್ಕೆ ಅಂಟಿಸಲಾಗದು. ಕ್ಯಾಂಪಿಗೆ ಬರುವವರು ತಪಾಸಣೆಯ ಜರಡಿ ದಾಟಿ ಬಂದ ಗಟ್ಟಿಮುಟ್ಟಾದ ತರುಣರು. ಆದರೂ ತನ್ನ ಭಾಷೆಯವರು ಸುತ್ತಲಿರುವುದು ಮನಸ್ಸಿಗೆ ಕಾವಲು ಎಂಬ ಸುಳಿವನ್ನು ಸಂಘಸಂಸ್ಥೆಗಳು ಗಂಭೀರವಾಗಿ ತೆಗೆದುಕೊಳ್ಳಬೇಕು.

ಆ ಜರಡಿಯ ಬಗ್ಗೆಯೂ ಹೇಳಬೇಕು. ಕೊಲ್ಲಿ ರಾಷ್ಟ್ರಗಳಿಗೆ ಹೋಗುವವರ ವೈದ್ಯಕೀಯ ತಪಾಸಣೆಯಲ್ಲಿ ಅನರ್ಹಗೊಳಿಸುವ ಕಾಯಿಲೆಗಳ ಪಟ್ಟಿಯಲ್ಲಿ ಮನೋರೋಗವೂ ಇದೆ. ಹಾಗಾಗಿ ಊರಲ್ಲಿ ಚಿಕಿತ್ಸೆ ಪಡೆದು ಚೆನ್ನಾಗಿರುವವನೂ ಅದನ್ನು ಮುಚ್ಚಿಟ್ಟೇ ವಿಮಾನ ಹತ್ತಬೇಕು. ಮುಚ್ಚಿಟ್ಟವನು ಅಲ್ಲಿ ಮಾತ್ರೆ ಕೇಳಲು ಹೆದರುತ್ತಾನೆ. ಬಿಟ್ಟ ಮಾತ್ರೆ ಕಾಯಿಲೆಯನ್ನು ಮರಳಿ ತರುತ್ತದೆ. ಮುಂದಿನದು ವೀಸಾ ಕ್ಯಾನ್ಸಲ್, ಮರಳಿ ಊರು. ಇದನ್ನೇ ಹಿಡಿದು ಕೆಲವರು ಕೇಳುವುದುಂಟು: ಕಾಯಿಲೆ ಬಂದವರು ಹೇಗೂ ಹೊರಟುಹೋಗುತ್ತಾರೆ, ಎರಡು ವರ್ಷದ ಕರಾರಿನ ಮೇಲೆ ಬಂದವರಿಗಾಗಿ ಕತಾರಿನಲ್ಲಿ ಸಮುದಾಯ ಸಂಶೋಧನೆ ಯಾಕೆ? ಮೊದಲನೆಯದಾಗಿ, ಕರಾರು ಎರಡು ವರ್ಷದ್ದಾದರೂ ನವೀಕರಿಸಿಕೊಂಡು ದಶಕಗಳನ್ನೇ ಅಲ್ಲಿ ಕಳೆಯುವವರಿದ್ದಾರೆ. ಅದಕ್ಕಿಂತ ಮುಖ್ಯವಾಗಿ, ವಾಪಸು ಕಳಿಸಿದಾಗ ಕಾಯಿಲೆ ಮುಗಿಯುವುದಿಲ್ಲ, ದೋಹಾದ ಕಡತವಷ್ಟೇ ಮುಗಿಯುತ್ತದೆ. ಸೈಕೋಸಿಸ್ ಶುರುವಾದ ಮೇಲೆ ಚಿಕಿತ್ಸೆಯಿಲ್ಲದೆ ಕಳೆಯುವ ಕಾಲ ಹೆಚ್ಚಿದಷ್ಟೂ ಚೇತರಿಕೆ ಕಷ್ಟ ಎಂಬುದು ಮನೋವೈದ್ಯಕೀಯದಲ್ಲಿ ಒಪ್ಪಿತ ವಿಷಯ. ಆ ಕಾಲ ಕ್ಯಾಂಪಿನಲ್ಲಿ ಶುರುವಾಗಿ ಕುಂದಾಪುರದಲ್ಲೋ ಕಾಸರಗೋಡಿನಲ್ಲೋ ಮುಂದುವರಿಯುತ್ತದೆ. ಎರಡೂ ಕಡೆ ಕಣ್ಣಿಡುವ ಅಧ್ಯಯನ ಮಾತ್ರ ಅವನನ್ನು ಪೂರ್ತಿಯಾಗಿ ಕಾಣಬಲ್ಲದು. ಹಮದ್ ನಿಗಮಕ್ಕೂ ನಿಮ್ಹಾನ್ಸಿಗೂ ಜಂಟಿಯಾಗಿ ಮಾಡಲು ಇದಕ್ಕಿಂತ ಸಹಜವಾದ ಕೆಲಸ ನನಗೆ ಹೊಳೆಯುವುದಿಲ್ಲ.

ಇನ್ನೊಂದು ಆಕ್ಷೇಪಕ್ಕೆ ಉತ್ತರ ಕೊಡುವುದು ಇಷ್ಟು ಸುಲಭವಲ್ಲ. ಸಂಘ, ರೂಮ್‌ಮೇಟ್, ಊರವರು ಎಲ್ಲರೂ ಸೇರಿದರೆ ಸುದ್ದಿ ಹಬ್ಬುತ್ತದೆ. ದೋಹಾದಲ್ಲಿ ಬೆಳಿಗ್ಗೆ ನಡೆದದ್ದು ವಾಟ್ಸಾಪ್ ಮೂಲಕ ಸಂಜೆಗೆ ಊರಿನ ಅಂಗಡಿಕಟ್ಟೆ ತಲುಪುತ್ತದೆ. ಕೆಲಸ ಹೋಗುತ್ತದೆ, ತಂಗಿಯ ಮದುವೆ ಮುರಿಯುತ್ತದೆ. ಈ ಭಯ ಕಲ್ಪಿತವಲ್ಲ. ಇದಕ್ಕೆ ಉತ್ತರವೂ ವಿಧಾನದಲ್ಲೇ ಇರಬೇಕು. ಸಂಘದ ಸ್ವಯಂಸೇವಕರಿಗೆ ಕಾಯಿಲೆಯ ಹೆಸರು ಹೇಳುವ ಹೊಣೆ ಬೇಡ, ವೈದ್ಯರ ಬಳಿಗೆ ದಾರಿ ತೋರಿಸುವ ಹೊಣೆ ಮಾತ್ರ ಸಾಕು. ಯಾರ ಹೆಸರನ್ನೂ ಕಂಪನಿಗೆ ಕೊಡುವುದಿಲ್ಲ ಎಂಬ ಲಿಖಿತ ಕರಾರು ಅಧ್ಯಯನದ ಮೊದಲ ಪುಟದಲ್ಲೇ ಇರಬೇಕು. ಪ್ರಶ್ನೆಗಳನ್ನು ರೂಪಿಸುವ ಮೇಜಿನ ಸುತ್ತ ಈ ಕಾಯಿಲೆಯೊಂದಿಗೆ ಬಾಳಿ ಚೇತರಿಸಿಕೊಂಡವರೂ ಅವರ ಮನೆಯವರೂ ಕೂರಬೇಕು, ಏಕೆಂದರೆ ಯಾವುದನ್ನು ಬಯಲು ಮಾಡಬಹುದು, ಯಾವುದನ್ನು ಮಾಡಬಾರದು ಎಂಬ ಅಳತೆ ಅವರಿಗೆ ಗೊತ್ತಿರುವಷ್ಟು ಪ್ರಾಧ್ಯಾಪಕರಿಗೆ ಗೊತ್ತಿಲ್ಲ. ಮೌನವಾಗಿದ್ದರೆ ಗುಟ್ಟು ಉಳಿಯುತ್ತದೆ ಎಂಬುದೂ ಭ್ರಮೆ. ಕಾಯಿಲೆ ಉಲ್ಬಣಿಸಿದ ರಾತ್ರಿ ಇಡೀ ಕ್ಯಾಂಪು ಎದ್ದು ನೋಡುತ್ತದೆ. ಮುಂಚೆಯೇ ಇಬ್ಬರು ನಂಬಿಕಸ್ಥರು ಗಮನಿಸಿದ್ದರೆ ಅಷ್ಟು ಜನ ನೋಡುವ ಸಂದರ್ಭವೇ ಬರುತ್ತಿರಲಿಲ್ಲ.

ಕತಾರಿನ ಕನ್ನಡ, ತುಳು, ಬ್ಯಾರಿ, ಕೊಂಕಣಿ ಸಂಘಗಳಿಗೆ ರಕ್ತದಾನ ಶಿಬಿರ, ವೈದ್ಯಕೀಯ ಶಿಬಿರ ನಡೆಸುವುದು ಹೊಸತಲ್ಲ. ಭಾರತೀಯ ರಾಯಭಾರ ಕಚೇರಿಯ ಆಶ್ರಯದ ಭಾರತೀಯ ಸಮುದಾಯ ಹಿತೈಷಿ ವೇದಿಕೆ ಸಂಕಟದಲ್ಲಿರುವ ಕಾರ್ಮಿಕರ ಕೈಹಿಡಿಯುತ್ತ ಬಂದಿದೆ. ಮುಂದಿನ ಶಿಬಿರದಲ್ಲಿ ರಕ್ತದೊತ್ತಡದ ಮೇಜಿನ ಪಕ್ಕ ಇನ್ನೊಂದು ಮೇಜು ಹಾಕಿ, ನಮ್ಮ ಭಾಷೆ ಬಲ್ಲ ಒಬ್ಬರನ್ನು ಕೂರಿಸಿ. ನಿದ್ದೆ, ಭಯ, ಕೇಳಿಸುವ ದನಿಗಳ ಬಗ್ಗೆ ಅವರು ವಿಚಾರಿಸಲಿ. ಏನು ಕೇಳಿಬಂತೆಂಬುದನ್ನು ಹೆಸರಿಲ್ಲದೆ ಬರೆದಿಟ್ಟು ಕತಾರ್ ವಿಶ್ವವಿದ್ಯಾಲಯದ ಬಾಗಿಲು ತಟ್ಟಿ. ರೂಮಿನಲ್ಲಿರುವವನ ನಡವಳಿಕೆ ಬದಲಾಗಿದ್ದರೆ ಕತಾರಿನಲ್ಲಿ 16000ಕ್ಕೆ ಕರೆ ಮಾಡಿ; ಮರಳಿ ಬಂದ ಮಗನ ಬಗ್ಗೆ ಚಿಂತೆಯಿರುವ ಊರಿನ ಮನೆಯವರು ಭಾರತ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಲಿ. ಎರಡನೆಯ ಸಂಖ್ಯೆಯಲ್ಲಿ ಕನ್ನಡದಲ್ಲೇ ಮಾತನಾಡಬಹುದು.